ದಂಡಿನ ಮೇಸ್ತ್ರಿ ಕಟ್ಟಿದ ದೇವರ ಗೂಡು

೧೯೭೮ನೆಯ ಇಸವಿ. ನನಗಾಗ ಮೂವತ್ತೆರಡು ವರ್ಷ. ಮಹದೇವಪುರ ದಾಟಿ ವೈಟ್‌ಫೀಲ್ಡಿನ ಕಡೆಗೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗಿದ್ದ ಹಳ್ಳಿಯೊಂದರ ಖಾಸಗಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಂಡಿತನಾಗಿದ್ದೆ. ಶಾಲೆಗೆ ಒಂಬತ್ತನೆಯ ತರಗತಿಯವರೆಗೆ ಮಾತ್ರ ಅನುಮತಿ ಇತ್ತು. ಹತ್ತನೆಯ ತರಗತಿ ಬೇಕೆಂದರೆ ಇನ್ನೊಂದು ಕೊಠಡಿ ಕಟ್ಟಿ, ಅದಕ್ಕೆ ಸರ್ಕಾರಿ ಎಂಜಿನಿಯರರ ದೃಢೀಕರಣ ಪತ್ರ ಪಡೆಯಬೇಕೆಂದು ಇಲಾಖೆ ತಿಳಿಸಿತ್ತು. ಊರಿನವರು ಕಟ್ಟಡ ಸಮಿತಿಯೊಂದನ್ನು ಮಾಡಿಕೊಂಡು, ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಅದರ ಕಾರ್ಯದರ್ಶಿಯನ್ನಾಗಿ ಆರಿಸಿದರು. ಹೀಗೆ ನನಗೆ ಮೇಸ್ತ್ರಿಯ ಪರಿಚಯವಾಯಿತು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅವರು ತೀರಿಕೊಂಡು ನಾಲ್ಕು ವರ್ಷಗಳಾದವು, ಬರೆದರೆ ಅವರೇನೂ ಆಕ್ಷೇಪಿಸಲಾರರು. ಆದರೆ ಹೆಸರು ಹೇಳಿದರೆ ಊರು ತಿಳಿಯುತ್ತದೆ, ಊರು ತಿಳಿದರೆ ಅಲ್ಲಿನ ದೇವರುಗಳಿಗೆ ತೊಂದರೆಯಾಗುತ್ತದೆ. ಅಷ್ಟಕ್ಕೂ ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. "ದಂಡಿನ ಮೇಸ್ತ್ರಿ" ಎಂದರೆ ಸಾಕಾಗುತ್ತಿತ್ತು. ದಂಡು ಎಂದರೆ ಬ್ರಿಟಿಷರು ತಮ್ಮ ಸೈನ್ಯಕ್ಕಾಗಿ ಬೆಂಗಳೂರಿನ ಪಕ್ಕದಲ್ಲಿ ಕಟ್ಟಿಕೊಂಡ ಊರು, ಈಗಿನವರ ಬಾಯಿಯ ಕಂಟೋನ್ಮೆಂಟು. ಮೇಸ್ತ್ರಿಯ ತಾತ ಅಲ್ಲಿನ ಬಂಗಲೆಗಳಿಗೆ ಗಾರೆ ಮೆತ್ತಿದವರು. ತಂದೆ ಆ ಗಾರೆಗೆ ತೇಪೆ ಹಾಕಿದವರು. ಇವರ ಕಾಲಕ್ಕೆ ಬಂಗಲೆಗಳನ್ನು ಕೆಡವುವ ಕೆಲಸ ಉಳಿದಿತ್ತು.

ಆಗ ಅವರಿಗೆ ಅರವತ್ತು ದಾಟಿತ್ತು. ಮೊಣಕಾಲಿಗಿಂತ ಕೆಳಗೆ ಇಳಿಯುವ ಖಾಕಿ ಚಡ್ಡಿ, ಮೇಲೊಂದು ಬನಿಯನ್ನು, ಹೆಗಲ ಮೇಲೆ ಟವಲ್ಲು. ಬೇರೆಯವರು ಎಲೆಅಡಿಕೆ ಚೀಲ ಇಟ್ಟುಕೊಳ್ಳುವ ಹಾಗೆ ಅವರು ಚಡ್ಡಿಯ ಜೇಬಿನಲ್ಲಿ ಗೋಡೆಯ ನೇರ ನೋಡುವ ಹಿತ್ತಾಳೆಯ ತೂಗುಗುಂಡೊಂದನ್ನು ದಾರ ಸುತ್ತಿ ಇಟ್ಟುಕೊಂಡಿರುತ್ತಿದ್ದರು. ಕೈ ಬಿಡುವಾದಾಗಲೆಲ್ಲ ಅದನ್ನು ತೆಗೆದು ಎದುರಿಗೆ ಕಂಡದ್ದರ ಪಕ್ಕದಲ್ಲಿ ಇಳಿಬಿಡುವರು. ಮೊದಲ ದಿನ ನಾನು ಸಮಿತಿಯ ಪರವಾಗಿ ಮಾತನಾಡಲು ಹೋದಾಗ, ಅವರು ಒಂದು ಕಣ್ಣು ಮುಚ್ಚಿ ಗುಂಡನ್ನು ನನ್ನ ಕಿವಿಯ ನೇರಕ್ಕೆ ಹಿಡಿದರು.

"ಮೇಷ್ಟ್ರೇ, ಎಡಕ್ಕೆ ಅರ್ಧ ಇಂಚು ವಾಲ್ಕಂಡಿದ್ದೀರಿ. ಚೀಲನ ಬಲಗಡೀಕೆ ಆಕ್ಕೊಳಿ."

ಹೆಗಲಿನ ಪುಸ್ತಕದ ಚೀಲವನ್ನು ಬಲಕ್ಕೆ ಹಾಕಿಕೊಂಡೆ. ಅವರು ಮತ್ತೊಮ್ಮೆ ಅಳೆದು, "ಈಗ ಸರೋಯ್ತು, ಯೋಳಿ" ಎಂದರು. ಇಪ್ಪತ್ತು ವಾಕ್ಯಗಳನ್ನು ಸಿದ್ಧಪಡಿಸಿಕೊಂಡು ಹೋಗಿದ್ದ ನನಗೆ ಒಂದೂ ನೆನಪಾಗಲಿಲ್ಲ.

ಯಾವುದನ್ನು ಕಂಡರೂ ಅವರದು ಒಂದೇ ತೀರ್ಪು: "ದಂಡಿನಾಗೆ ಇಂಗಿಲ್ಲ." ಹೋಟೆಲಿನ ಕಾಫಿ ನೀರಾಗಿದ್ದರೆ ದಂಡಿನಾಗೆ ಇಂಗಿಲ್ಲ. ಮದುವೆಯ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ದಂಡಿನಾಗೆ ಇಂಗಿಲ್ಲ. ದಂಡಿನ ಯಾವ ಮದುವೆಯಲ್ಲಿ ಸಾರು ಉಂಡಿದ್ದಿರಿ ಎಂದು ನಾನೊಮ್ಮೆ ಕೇಳಿದೆ. ಅವರಿಗೆ ಬೇಸರವಾಗಲಿಲ್ಲ. "ಉಂಡಿಲ್ಲ. ಅದ್ಕೇ ಯೋಳ್ತಿರೋದು, ಅಲ್ಲಿ ಇಂಗಿಲ್ಲ ಅಂತ" ಎಂದರು.

ಆ ವರ್ಷಗಳಲ್ಲಿ ದಂಡಿನ ಹಳೆಯ ಬಂಗಲೆಗಳು ಒಂದೊಂದಾಗಿ ಉರುಳುತ್ತಿದ್ದವು. ಮೇಸ್ತ್ರಿ ಎರಡು ಎತ್ತಿನ ಗಾಡಿ ಹೊಡೆಸಿಕೊಂಡು ಹೋಗಿ, ಕೆಡವಿದ ಬಂಗಲೆಯ ತೇಗದ ಬಾಗಿಲು, ಕಲ್ಲಿನ ಮೆಟ್ಟಿಲು, ಹಂಚು, ಸರಳುಗಳನ್ನು ತುಂಬಿಕೊಂಡು ಬರುವರು. ಬಂದದ್ದೆಲ್ಲ ನಮ್ಮೂರಿನ ರೈತರ ಮನೆಗಳಿಗೆ ಅಂಟಿಕೊಳ್ಳುತ್ತಿತ್ತು. ಸಾಹೇಬರ ಕುದುರೆಗಾಡಿ ಮಳೆಯಲ್ಲಿ ನೆನೆಯದಿರಲೆಂದು ಹುಟ್ಟಿದ ಕಂಬದ ಪೋರ್ಟಿಕೋ ಊರಿನ ಗೌಡರ ಮನೆಯ ಮುಂದೆ ನಿಂತಿತ್ತು. ಅದರ ಕೆಳಗೆ ಗೊಬ್ಬರದ ಗಾಡಿ ಬಹಳ ಗಾಂಭೀರ್ಯದಿಂದ ಇರುತ್ತಿತ್ತು. ಬಂಗಲೆಯ ಕಿಟಕಿಗಳ ನೆತ್ತಿಗೆ ಮಂಕಿಟಾಪು ಎಂಬ ಮರದ ಜಾಲರಿಯ ಕಿರೀಟ ಇರುತ್ತದಷ್ಟೆ, ಅಂಥದೊಂದನ್ನು ಗೌಡರ ಎಮ್ಮೆಯ ಕೊಟ್ಟಿಗೆಗೆ ಏರಿಸಿದ್ದರು. ಬೆಳಗಿನ ಹೊತ್ತು ಆ ಎಮ್ಮೆಯ ಬೆನ್ನ ಮೇಲೆ ಚೌಕುಳಿ ಚೌಕುಳಿಯಾಗಿ ಬಿಸಿಲು ಬೀಳುತ್ತಿತ್ತು. ಊರಿನ ಯಾವ ಬಾಗಿಲೂ ಎಂಟು ಅಡಿಗಿಂತ ಕಡಿಮೆ ಇರಲಿಲ್ಲ.

"ಇಷ್ಟು ಎತ್ತರ ಏಕೆ?" ಎಂದು ಕೇಳಿದೆ.

"ಟೋಪಿ ಆಕ್ಕಂಡು ಒಳೀಕೆ ಬರೋರು ಬಗ್ಬಾರ್ದು, ಅದ್ಕೆ."

"ಈ ಊರಿನಲ್ಲಿ ಟೋಪಿ ಹಾಕುವವರು ಯಾರಿದ್ದಾರೆ?"

"ಆಕ್ಕಂಡ್ರೆ?"

ಇವೆಲ್ಲಕ್ಕಿಂತ ದೊಡ್ಡ ಸಂಗತಿ ಮನೆಗಳ ಒಳಗಿತ್ತು. ಊರಿನ ಇಪ್ಪತ್ತಮೂರು ಮನೆಗಳ ನಡುಮನೆಯ ಗೋಡೆಯಲ್ಲಿ, ಸೊಂಟದೆತ್ತರದ ಒಂದೊಂದು ಕಮಾನಿನ ಗೂಡು. ಅದರ ನೆತ್ತಿಗೆ ಕಲ್ಲಿನ ಹಲಗೆ, ಒಳಗಿನಿಂದ ಸೂರಿನ ಮೇಲಕ್ಕೆ ಹೊಗೆಗೂಡು. ಅದು ಬಂಗಲೆಗಳಲ್ಲಿ ಚಳಿಗಾಲಕ್ಕೆ ಬೆಂಕಿ ಉರಿಸುವ ಜಾಗ ಎಂಬುದು ಯಾರಿಗಾದರೂ ಹೊಳೆಯಬೇಕು. ಆದರೆ ನಮ್ಮೂರಿನಲ್ಲಿ ಅದರೊಳಗೆ ದೇವರು ಕುಳಿತಿದ್ದರು.

ಇದು ಮೇಸ್ತ್ರಿಯ ತಾತ ಮಾಡಿದ ತಪ್ಪು. ತಪ್ಪು ಎಂದು ಸಲೀಸಾಗಿ ಬರೆದೆ, ಆದರೆ ಅವರ ತರ್ಕವನ್ನು ಕೇಳಿದರೆ ಯಾರಾದರೂ ತಲೆದೂಗಬೇಕು. ಸಾಹೇಬರ ಅಡುಗೆಮನೆ ಬಂಗಲೆಯಿಂದ ಇಪ್ಪತ್ತು ಮಾರು ದೂರದಲ್ಲಿ, ಹಿತ್ತಲಿನಲ್ಲಿ ಪ್ರತ್ಯೇಕವಾಗಿರುತ್ತಿತ್ತು. ಹಾಗಿದ್ದರೂ ನಡುಮನೆಯ ಗೋಡೆಯಲ್ಲಿ ಬೆಂಕಿ. ಸಂಜೆಯಾಯಿತೆಂದರೆ ದೊರೆ, ದೊರೆಸಾನಿ, ಮಕ್ಕಳು ಅದರ ಮುಂದೆ ಸಾಲಾಗಿ ಕುಳಿತು, ತಲೆ ತಗ್ಗಿಸಿ, ಎರಡೂ ಕೈ ಚಾಚುವರು. ಮೇಲಿನ ಹಲಗೆಯ ಮೇಲೆ ಹಿರಿಯರ ಪಟಗಳು, ಪಟಗಳ ಪಕ್ಕದಲ್ಲಿ ದಿನವೂ ಹೊಸ ಹೂವು. ಅಡುಗೆಗಲ್ಲದ ಬೆಂಕಿ ದೇವರದಲ್ಲದೆ ಇನ್ನಾರದು? ತಾತ ಊರಿಗೆ ಬಂದು ತಮ್ಮ ಮನೆಗೇ ಮೊದಲು ಅಂಥದೊಂದು ದೇವರ ಗೂಡನ್ನು ಕಟ್ಟಿದರು. ದೀಪದ ಮಸಿ, ಊದುಬತ್ತಿಯ ಹೊಗೆ ಎಲ್ಲವೂ ನೇರವಾಗಿ ಆಕಾಶಕ್ಕೆ ಹೋದವು. ನೆರೆಯವರಿಗೂ ಅದೇ ಬೇಕಾಯಿತು. ಮೊಮ್ಮಗನ ಕಾಲಕ್ಕೆ, ಆ ಗೂಡಿಲ್ಲದ ಮನೆಗೆ ಹೆಣ್ಣು ಕೊಡುವಾಗ ಜನ ಒಂದು ಗಳಿಗೆ ಯೋಚಿಸುತ್ತಿದ್ದರು.

ಗೌಡರ ಹೆಂಡತಿ ಗೌಡ್ತಮ್ಮನವರ ಗೂಡಿಗಂತೂ ವಿಶೇಷ ಖ್ಯಾತಿ ಇತ್ತು. ಅಲ್ಲಿ ದೇವರು ನೈವೇದ್ಯವನ್ನು ನಿಜವಾಗಿ ತಿನ್ನುತ್ತಿದ್ದರು. ಬೆಳಗ್ಗೆ ಇಟ್ಟ ಹುರಿಗಡಲೆ, ಕೊಬ್ಬರಿ ಮಧ್ಯಾಹ್ನಕ್ಕೆ ಮಾಯವಾಗುತ್ತಿದ್ದವು. ಪಕ್ಕದ ಹಳ್ಳಿಗಳಿಂದಲೂ ಹೆಂಗಸರು ಬಂದು ನೋಡಿ ಹೋಗುತ್ತಿದ್ದರು. ಹೊಗೆಗೂಡಿನ ಬಾಯಲ್ಲಿ ಅಳಿಲಿನ ಬಾಲವನ್ನು ಕಂಡ ಮೇಸ್ತ್ರಿ, ಕೆಲಸದ ಶಿಸ್ತಿಗೆ ಕಟ್ಟುಬಿದ್ದು ಅಲ್ಲಿಗೊಂದು ತಂತಿಯ ಬಲೆ ಬಿಗಿದರು. ಮಾರನೆಯ ದಿನದಿಂದ ದೇವರು ಉಪವಾಸ. ಮೂರನೆಯ ದಿನ ಗೌಡ್ತಮ್ಮ ಮೇಸ್ತ್ರಿಯ ಮನೆಯ ಮುಂದೆ ಬಂದು ನಿಂತರು.

"ಏನ್ ಮೇಸ್ತ್ರಿ, ನನ್ ದೇವ್ರ ಬಾಯಿಗೆ ಬಲೆ ಕಟ್ಟಿದ್ದೀಯಂತೆ? ನಿನ್ ಬಾಯಿಗೆ ಕಟ್ಲಾ?"

ಬಲೆ ಅಂದೇ ಇಳಿಯಿತು. ಮೇಸ್ತ್ರಿ ಈ ಪ್ರಸಂಗವನ್ನು ನನಗೆ ಹೇಳುವಾಗ ಎರಡು ಸಲ ಎದ್ದು ಹೋಗಿ, ಕೇಳುವವರು ಯಾರಾದರೂ ಇದ್ದಾರೆಯೇ ಎಂದು ನೋಡಿ ಬಂದರು.

ಶಾಲೆಯ ಕೊಠಡಿಯನ್ನು ಅವರು ಸೈನಿಕರ ಬ್ಯಾರಕ್ಕಿನ ಮಾದರಿಯಲ್ಲಿ ಕಟ್ಟತೊಡಗಿದರು. ಒಂದೂವರೆ ಅಡಿ ದಪ್ಪದ ಗೋಡೆ, ಗೋಡೆಗೆ ಬಿಸಿಲು ತಾಕದಂತೆ ಸುತ್ತಲೂ ಜಗಲಿ, ಸೂರಿನ ಕೆಳಗೆ ಹಗ್ಗ ಎಳೆದು ತೆರೆಯುವ ಗಾಳಿಕಂಡಿಗಳು. ತಾರಸಿಗೆ ಸಿಮೆಂಟಿಲ್ಲ. ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಸುಣ್ಣದ ಗಚ್ಚು ಹಾಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸಿ, ಹನ್ನೆರಡು ಮಂದಿ ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಯಿಂದ ಹತ್ತು ದಿನ ಬಡಿದರು. ಬಡಿತಕ್ಕೆ ಹಾಡು ಬೇಕು. ಹಾಡು ತಪ್ಪಿದರೆ ತಾರಸಿ ಸೋರುತ್ತದೆ ಎಂಬುದು ಮೇಸ್ತ್ರಿಯ ಸಿದ್ಧಾಂತ. ಆರನೆಯ ದಿನ ಒಬ್ಬಾಕೆ ನಗೆ ತಡೆಯಲಾರದೆ ತಾಳ ತಪ್ಪಿದಳೆಂದು, ಆ ಮೂಲೆಯ ಗಚ್ಚನ್ನು ಕಿತ್ತು ಮತ್ತೆ ಹಾಕಿಸಿದರು. ಪಾಠ ತಪ್ಪಿದ ಹುಡುಗರಿಗೆ ಹತ್ತು ಸಲ ಬರೆಸುತ್ತಿದ್ದ ನನಗೂ ಅದು ಅತಿ ಎನಿಸಿತು.

ಪೂರ್ವದ ಗೋಡೆಯಲ್ಲಿ ಅವರು ಸರಸ್ವತಿಗೆಂದು ಅಂಥದೇ ಗೂಡು ಬಿಟ್ಟಾಗ ನಾನು ಅಡ್ಡಿ ಮಾಡಲಿಲ್ಲ. ಮಾಡಬೇಕಾಗಿತ್ತು. ನವೆಂಬರಿನಲ್ಲಿ ಬಂದ ಎಂಜಿನಿಯರು ಮೂವತ್ತರೊಳಗಿನ ಚುರುಕಾದ ಯುವಕ. ಗೋಡೆ, ತಾರಸಿ, ಜಗಲಿ ಎಲ್ಲವನ್ನೂ ಮೆಚ್ಚಿ, ಗೂಡಿನ ಮುಂದೆ ನಿಂತುಬಿಟ್ಟರು.

"ಏನ್ರೀ ಇದು, ಕ್ಲಾಸ್‌ರೂಮಲ್ಲಿ ಫೈರ್‌ಪ್ಲೇಸು? ಇಂಗ್ಲಿಷ್ನೋರು ಚಳಿ ಕಾಯಿಸ್ಕೊಳ್ಳೋ ಒಲೆ ಕಣ್ರೀ ಇದು! ಎಸ್ಟಿಮೇಟಲ್ಲೂ ಇಲ್ಲ, ಪ್ಲಾನಲ್ಲೂ ಇಲ್ಲ. ಒಡೆಸಿ ಗೋಡೆ ಮುಚ್ಚಿಸಿ. ಆಮೇಲೆ ಸರ್ಟಿಫಿಕೇಟು."

ಅವರು ಹೊರಟುಹೋದರು. 'ಒಲೆ' ಎಂಬ ಮಾತು ಮಾತ್ರ ಊರಿನಲ್ಲಿ ಉಳಿಯಿತು. ಸಂಜೆಯೊಳಗೆ ಅದು ಇಪ್ಪತ್ತಮೂರು ಮನೆಗಳನ್ನೂ ಸುತ್ತಿ ಬಂತು. ಸಮಿತಿಯ ಅಧ್ಯಕ್ಷರಾಗಿದ್ದ ಗೌಡರು ಎಲ್ಲರನ್ನೂ ಶಾಲೆಯ ಜಗಲಿಯ ಮೇಲೆ ಸೇರಿಸಿದರು. ಗೌಡ್ತಮ್ಮನವರೂ ಬಂದರು.

"ಇಪ್ಪತ್ತು ವರ್ಸದಿಂದ ನನ್ ದೇವ್ರನ್ನ ಒಲೆ ಒಳಗೆ ಕೂರ್ಸಿದ್ದೀಯಾ ಮೇಸ್ತ್ರಿ? ಅದೂ ದನ ತಿನ್ನೋರ ಒಲೇಲಿ?"

ಮೇಸ್ತ್ರಿಯ ಕೈ ಜೇಬಿನಲ್ಲಿತ್ತು, ಗುಂಡು ಹೊರಗೆ ಬರಲಿಲ್ಲ.

ಗೌಡರು ನ್ಯಾಯಸ್ಥರು. ಅವರು ಎರಡು ದಾರಿಗಳನ್ನು ಮುಂದಿಟ್ಟರು. ಅದು ಒಲೆಯಾಗಿದ್ದರೆ ಮೇಸ್ತ್ರಿ ಇಪ್ಪತ್ತಮೂರು ಮನೆಗಳ ಗೂಡುಗಳನ್ನೂ ತಮ್ಮ ಕೈಯಾರೆ ಕಿತ್ತುಹಾಕಬೇಕು, ಇನ್ನು ಮುಂದೆ ಆ ಊರಿನಲ್ಲಿ ಕರಣೆ ಹಿಡಿಯಕೂಡದು. ದೇವರ ಗೂಡೇ ಆಗಿದ್ದರೆ ಶಾಲೆಯದನ್ನು ಯಾರೂ ಮುಟ್ಟಕೂಡದು, ಹತ್ತನೆಯ ತರಗತಿ ಬಾರದಿದ್ದರೂ ಸರಿಯೆ. ಅನಂತರ ನನ್ನ ಕಡೆಗೆ ತಿರುಗಿದರು.

"ಮೇಷ್ಟ್ರೇ, ನೀವು ಓದಿದೋರು. ಸುಳ್ಳಾಡೋರಲ್ಲ. ನೀವೇ ನೋಡ್ಕಂಡ್ ಬಂದು ಯೋಳಿ. ಒಲೆನೋ, ಗೂಡೋ?"

ಮುಂದಿನ ಭಾನುವಾರ ಮೇಸ್ತ್ರಿಯೂ ನಾನೂ ಬಸ್ಸು ಹತ್ತಿ ದಂಡಿಗೆ ಹೋದೆವು. ಬಸ್ಸಿನಲ್ಲಿ ಮುದುಡಿ ಕುಳಿತಿದ್ದ ಮೇಸ್ತ್ರಿ, ಕವಾಯತು ಮೈದಾನದ ಅಂಚಿಗೆ ಕಾಲಿಟ್ಟೊಡನೆ ಮದುವಣಿಗನಂತೆ ಚಿಗುರಿಕೊಂಡರು.

"ನೋಡಿ ಮೇಷ್ಟ್ರೇ, ನಮ್ಮೋರು ಊರು ಕಟ್ಟಿದ್ರೆ ಮೊದ್ಲು ಬಾವಿ, ಆಮೇಲೆ ಗುಡಿ. ಇವ್ರು ಮೊದ್ಲು ಮೈದಾನ ಗೆರೆ ಎಳ್ದವ್ರೆ. ಕಹಳೆ ಊದಿದ್ರೆ ಕೇಳೋ ದೂರಕ್ಕೆ ಸಿಪಾಯಿಗಳ ಬ್ಯಾರಕ್ಕು. ಕೇಳಿದ್ರೂ ಕೇಳ್ಳಿಲ್ಲ ಅನ್ನೋ ದೂರಕ್ಕೆ ಆಪೀಸರ ಬಂಗ್ಲೆ."

ರಸ್ತೆಗಳು ನೇರವಾಗಿದ್ದವು, ಮರಗಳು ಸಾಲಾಗಿ ನಿಂತಿದ್ದವು. ಅವರು ಒಂದೊಂದು ಕಾಂಪೌಂಡಿನ ಮುಂದೆಯೂ ನಿಂತು, ಇಲ್ಲಿ ಕುದುರೆ ಲಾಯ, ಅಲ್ಲಿ ಅಡುಗೆಮನೆ, ಈ ಕಂಬಕ್ಕೆ ಮೊಟ್ಟೆಯ ಬಿಳಿ ಬೆರೆಸಿದ ಗಾರೆ ಎಂದು ತೋರಿಸುತ್ತ ಸಾಗಿದರು. ಕಂಬವನ್ನು ಸವರಿದೆ. ಅಮೃತಶಿಲೆಯ ಹಾಗೆ ತಣ್ಣಗಿತ್ತು. ಕಡೆಗೆ ಅವರ ಪರಿಚಯದ ಒಂದು ಬಂಗಲೆಯ ಬಾಗಿಲು ತಟ್ಟಿದೆವು. ಫ್ರಾಕು ತೊಟ್ಟ ಮುದುಕಿಯೊಬ್ಬರು ತೆರೆದು, "ವಾ ಮೇಸ್ತ್ರಿ, ಇದನ್ನೂ ಕೆಡವೋಕೆ ಬಂದ್ಯಾ?" ಎಂದು ನಗುತ್ತ ಒಳಗೆ ಕರೆದರು.

ನಡುಮನೆಯಲ್ಲಿ ಗೂಡು ಇತ್ತು. ಕಮಾನು, ಕಲ್ಲಿನ ಹಲಗೆ, ಎಲ್ಲವೂ ನಮ್ಮೂರಿನದರ ಪಡಿಯಚ್ಚು. ಒಳಗೆ ನಾಲ್ಕು ಜೊತೆ ಚಪ್ಪಲಿಗಳನ್ನು ಒಪ್ಪವಾಗಿ ಜೋಡಿಸಿದ್ದರು.

"ಮೊದಲು ಇದರಲ್ಲಿ ಏನು ಇಡುತ್ತಿದ್ದಿರಿ ಮೇಡಂ?" ಎಂದು ಕೇಳಿದೆ.

"ಡ್ಯಾಡಿ ಟೈಮಲ್ಲಿ ಬೆಂಕಿ ಹಾಕ್ತಾ ಇದ್ರು. ಡಿಸೆಂಬರು, ಜನವರಿ. ಕೈ ಬೆಚ್ಚಗೆ ಮಾಡ್ಕೊಳ್ಳೋಕೆ. ಮತ್ತೇನಕ್ಕೆ?"

ನಾವು ಹೊರಗೆ ಬಂದು ಮರದ ಕೆಳಗೆ ನಿಂತೆವು. ಮೇಸ್ತ್ರಿ ಜೇಬಿನಿಂದ ಗುಂಡು ತೆಗೆದು ಮತ್ತೆ ಒಳಗಿಟ್ಟರು.

"ಮೇಷ್ಟ್ರೇ, ಒಲೆ ಅಂತ ಬೇಕಾದ್ರೆ ಯೋಳಿ. ಆ ಚಪ್ಲಿ ವಿಚಾರ ಮಾತ್ರ ಊರಾಗೆ ಎತ್ಬ್ಯಾಡಿ."

"ನಿಮಗೆ ಮೊದಲೇ ಗೊತ್ತಿತ್ತೇ?"

"ಏಳ್ನೇ ಮನೆ ಕಟ್ಟೋವಾಗ ಗೊತ್ತಾಯ್ತು. ಬಂಗ್ಲೆ ಬಟ್ಲರೊಬ್ಬ ಯೋಳಿ ನಕ್ಬುಟ್ಟ. ಅಷ್ಟ್ರಾಗೆ ಆರು ಮನೇಲಿ ದೇವ್ರು ಕೂತ್ಬುಟ್ಟಿದ್ರು. ಎದ್ದೇಳಿ ಸಾಮಿ, ನಮ್ ತಾತಂಗೆ ಗೊತ್ತಾಗ್ಲಿಲ್ಲ ಅನ್ನೋಕಾಯ್ತದಾ? ಏಳ್ನೇ ಮನೆಯೋಳು ಬಿಟ್ಟಾಳಾ? ಅವ್ರಿಗೆ ಮಡ್ಗಿದ್ದು ನಮಗ್ಯಾಕಿಲ್ಲ ಅಂತಾಳೆ." ಟವಲ್ಲು ಹೆಗಲಿಗೇರಿಸಿ ಹೇಳಿದರು: "ಗೂಡು ಕಿತ್ತಾಕೋದು ನಂಗೆ ಕಷ್ಟ ಅಲ್ಲ. ಕೆಡವೋದೇ ನನ್ ಕೆಲ್ಸ ಆಗೋಗೈತೆ. ಆದ್ರೆ ಕಟ್ಟಿದ್ದು ಅಂತ ನಂದು ಅದೊಂದೇ ಊರು ಮೇಷ್ಟ್ರೇ."

ನಾನು ಸುಳ್ಳು ಹೇಳಲಾರೆ ಎಂದೆ.

"ಯಾರ್ ಯೋಳಿ ಅಂದ್ರು? ನೀವು ಒಂದು ಕಾಗ್ದ ಬರೀರಿ. ಎಂಜಿನೀರಪ್ಪ ಇನ್ನೊಂದ್ ಸಲ ಬರ್ಲಿ. ಜನವರಿ ತಿಂಗ್ಳು, ಬೆಳಗ್ಗೆ ಏಳೂವರೆಗೆ. ಅದ್ರಾಗೇನು ಸುಳ್ಳೈತೆ?"

ಅದರಲ್ಲಿ ಸುಳ್ಳೇನೂ ಇರಲಿಲ್ಲ. ತರಗತಿಗಳು ಆರಂಭವಾಗುವ ಮೊದಲೇ ದಯಮಾಡಿಸಬೇಕೆಂದು ಒಂದೂ ಅಕ್ಷರ ತಪ್ಪಿಲ್ಲದಂತೆ ಬರೆದೆ. ಊರಿನವರಿಗೆ, ಎಂಜಿನಿಯರರು ಬಂದು ಮತ್ತೊಮ್ಮೆ ನೋಡಿದ ಮೇಲೆ ನನ್ನ ಅಭಿಪ್ರಾಯ ಹೇಳುವೆನೆಂದೆ. ಗೌಡರು ಒಪ್ಪಿದರು.

ಆ ಜನವರಿಯ ಬೆಳಗ್ಗೆ ಕೆರೆಯ ಕಡೆಯಿಂದ ಎದ್ದ ಮಂಜು ಶಾಲೆಯ ಬಾವುಟದ ಕಂಬವನ್ನೇ ನುಂಗಿತ್ತು. ಎಂಜಿನಿಯರು ನಗರದಿಂದ ಅಷ್ಟು ದೂರ ಸ್ಕೂಟರಿನಲ್ಲಿ ಬಂದಿದ್ದರು. ಕಿವಿಗೆ ಮಫ್ಲರು ಇತ್ತು, ಕೈಗೆ ಏನೂ ಇರಲಿಲ್ಲ. ಬೆರಳುಗಳು ಸ್ಕೂಟರಿನ ಹಿಡಿಕೆಯ ಆಕಾರದಲ್ಲೇ ಮರಗಟ್ಟಿದ್ದವು. ನನ್ನ ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡಲೂ ಕೈ ಕೂಡಲಿಲ್ಲ.

ಕೊಠಡಿಯ ಗೂಡಿನಲ್ಲಿ ನೀಲಗಿರಿಯ ಕಟ್ಟಿಗೆ ಹದವಾಗಿ ಉರಿಯುತ್ತಿತ್ತು.

"ಗಾರೆ ಅಸಿ ಐತೆ ಸಾಮಿ. ಒಣಗ್ಲಿ ಅಂತ" ಎಂದರು ಮೇಸ್ತ್ರಿ, ಬಹಳ ವಿನಯದಿಂದ.

ಎಂಜಿನಿಯರು ಏನನ್ನೂ ಕೇಳಿಸಿಕೊಳ್ಳಲಿಲ್ಲ. ನೇರವಾಗಿ ಹೋಗಿ ಗೂಡಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಎರಡೂ ಅಂಗೈಗಳನ್ನು ಚಾಚಿ, ಕಣ್ಣು ಮುಚ್ಚಿ, ತಲೆ ತಗ್ಗಿಸಿದರು. ಬೆರಳುಗಳಿಗೆ ಜೀವ ಬಂದಂತೆ ಅವರ ಎದೆಯಾಳದಿಂದ, "ಅಪ್ಪಾ, ದೇವರೇ..." ಎಂಬ ಉದ್ಗಾರ ಹೊರಟಿತು.

ಬಾಗಿಲಲ್ಲಿ ಗೌಡರು, ಗೌಡ್ತಮ್ಮ, ಅವರ ಹಿಂದೆ ಇಪ್ಪತ್ತಮೂರು ಮನೆಗಳ ಹಿರಿಯರು ನಿಂತಿದ್ದರು. ಅಷ್ಟು ಹೊತ್ತಿಗೆ ಸರಿಯಾಗಿ, ಕಾಯಿ, ಹೂವು ಹಿಡಿದುಕೊಂಡು ಬರಬೇಕೆಂದು ಅವರಿಗೆ ಹೇಳಿದ್ದವರು ಯಾರು ಎಂಬುದನ್ನು ನಾನು ವಿಚಾರಿಸಲಿಲ್ಲ.

"ನೋಡಿದ್ಯಾ?" ಎಂದು ಗೌಡ್ತಮ್ಮ ಗಂಡನ ಪಕ್ಕೆಗೆ ತಿವಿದರು. "ಅಂದು ಒಲೆ ಅಂದ್ಬುಟ್ಟು, ಈಗ ಕಣ್ಮುಚ್ಕಂಡು ತಪ್ಪಾಯ್ತು ಅಂತ ಬೇಡ್ಕಂತಾವ್ರೆ ಪಾಪ. ರಾತ್ರಿ ಕನಸಲ್ಲಿ ಬಂದು ಕೆನ್ನೆಗೆ ಕೊಟ್ಟಿರ್ಬೇಕು ದೇವ್ರು."

ಟಪ್ಪನೆ ಕಾಯಿ ಒಡೆಯಿತು. ಎಂಜಿನಿಯರು ಬೆಚ್ಚಿ ಕಣ್ಣು ತೆರೆಯುವಷ್ಟರಲ್ಲಿ ಹಣೆಗೆ ಕುಂಕುಮ ಬಿದ್ದಿತ್ತು, ಮುಖದ ಮುಂದೆ ಮಂಗಳಾರತಿ ಸುತ್ತುತ್ತಿತ್ತು. ಅವರು ಗುಂಪನ್ನು ನೋಡಿದರು, ನನ್ನನ್ನು ನೋಡಿದರು, ಮೇಸ್ತ್ರಿಯನ್ನು ಹುಡುಕಿದರು. ಮೇಸ್ತ್ರಿ ನಮಗೆ ಬೆನ್ನು ಮಾಡಿಕೊಂಡು ಎದುರಿನ ಗೋಡೆಗೆ ಬಹಳ ಶ್ರದ್ಧೆಯಿಂದ ತೂಗುಗುಂಡು ಹಿಡಿದಿದ್ದರು. ಬೆನ್ನು ಅಲುಗುತ್ತಿತ್ತು.

ಎಂಜಿನಿಯರು ನನ್ನ ಕಿವಿಯ ಬಳಿ ಬಂದರು.

"ಮೇಷ್ಟ್ರೇ, ಇದು ಏನು ಅಂತ ನಿಮಗೆ ಗೊತ್ತು ತಾನೇ?"

"ಗೊತ್ತು ಸಾರ್."

"ಹೇಳಲ್ವಾ ಇವರಿಗೆ?"

"ತಾವೇ ಹೇಳಬಹುದು ಸಾರ್. ಎಲ್ಲರೂ ಇಲ್ಲೇ ಇದ್ದಾರೆ."

ಗೌಡ್ತಮ್ಮ ಹೋಳು ಕಾಯಿ, ಬಾಳೆಹಣ್ಣು ಚಾಚಿ ನಿಂತಿದ್ದರು. ಎಂಜಿನಿಯರು ಅವನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಅನಂತರ ಮತ್ತೆ ಗೂಡಿನ ಮುಂದೆ ಕುಳಿತು, "ಒಂದು ಐದು ನಿಮಿಷ ಯಾರೂ ಬೆಂಕಿ ಆರಿಸ್ಬೇಡಿ" ಎಂದರು. ಭಕ್ತಿ ಹೆಚ್ಚಾಯಿತೆಂದು ಹಿರಿಯರು ಸದ್ದಿಲ್ಲದೆ ಹಿಂದೆ ಸರಿದರು. ಒಲೆಯೋ ಗೂಡೋ ಎಂದು ನನ್ನನ್ನು ಆಮೇಲೆ ಯಾರೂ ಕೇಳಲಿಲ್ಲ.

ದೃಢೀಕರಣ ಪತ್ರ ಅಂಚೆಯಲ್ಲಿ ಬಂತು. ಗೌಡರ ಪೋರ್ಟಿಕೋದ ಕೆಳಗೆ ಎಲ್ಲರ ಮುಂದೆ ಓದಿದೆ. ಕೊನೆಯ ಸಾಲು ಹೀಗಿತ್ತು: "ಪೂರ್ವ ದಿಕ್ಕಿನ ಗೂಡು ಗೋಡೆಗೆ ಆಸರೆಯಾಗಿರುವುದರಿಂದ ಅದನ್ನು ಯಾವ ಕಾರಣಕ್ಕೂ ಕೆಡವತಕ್ಕದ್ದಲ್ಲ." ಊರು ನಿಟ್ಟುಸಿರು ಬಿಟ್ಟಿತು. ಗೌಡ್ತಮ್ಮ ತಮ್ಮ ಕೊಟ್ಟಿಗೆಗೆ ಇನ್ನೊಂದು ಮಂಕಿಟಾಪು ಹಾಕಿಕೊಡಬೇಕೆಂದು ಅಲ್ಲಿಯೇ ಮೇಸ್ತ್ರಿಗೆ ಅಪ್ಪಣೆ ಮಾಡಿದರು. ಮೇಸ್ತ್ರಿಯ ಮುಖ ಮಾತ್ರ ಗಂಟಿಕ್ಕಿತ್ತು. ಅವರು ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಹೋದರು.

"ಏನ್ ಮೇಷ್ಟ್ರೇ ಇದು? ಗೂಡು ಗೋಡೆಗೆ ಆಸರೆಯಾ? ಗೋಡೆ ಗೂಡಿಗೆ ಆಸರೆ! ಬರ್ದೋನಿಗೆ ಕೆಲ್ಸ ಗೊತ್ತಿಲ್ಲ. ನಾಳೆ ಯಾರಾದ್ರೂ ತಿಳ್ದೋರು ಓದಿದ್ರೆ ನನ್ ಮಾನ ಓಯ್ತದೆ. ತಿದ್ದಿ ವಾಪಸ್ ಕಳ್ಸಿ."

ಅಂದಿನವರೆಗೆ ಕಣ್ಣೆದುರಿಗೆ ಬಂದ ತಪ್ಪನ್ನು ತಿದ್ದದೆ ಬಿಟ್ಟವನಲ್ಲ ನಾನು. ಕೆಂಪು ಶಾಯಿಯ ಪೆನ್ನು ಜೇಬಿನಲ್ಲಿಯೇ ಇತ್ತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸಮಿತಿಯ ಕಡತದಲ್ಲಿ ಸೇರಿಸಿ, ಅದರ ಮೇಲೆ ದುಂಡಗೆ ಬರೆದೆ: ವಿಷಯ ಮುಕ್ತಾಯ, ೧೯೭೯ನೆಯ ಇಸವಿ ಫೆಬ್ರವರಿ ಹನ್ನೆರಡು, ಸೋಮವಾರ.